ಗ್ರಂಥಪಾಲಕರ ತರಬೇತಿ: ಅನುದಾನ ನಿಂತ ಮೇಲೆ ಉಳಿದದ್ದೇನು?

ನಮ್ಮ ಸಮುದಾಯದ ಯಾವುದೇ ಶಾಲೆಯಲ್ಲಿ ಗ್ರಂಥಾಲಯದ ಉದ್ಘಾಟನೆಯಾದರೆ ವೇದಿಕೆಯ ಮೇಲೆ ಮೂರು ವಿಷಯಗಳು ತಪ್ಪದೆ ಕೇಳಿಬರುತ್ತವೆ: ಎಷ್ಟು ಪುಸ್ತಕಗಳು ಬಂದವು, ಎಷ್ಟು ಬೀರುಗಳು ಬಂದವು, ದಾನ ಕೊಟ್ಟವರು ಯಾರು. ಆ ಪುಸ್ತಕಗಳನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಆ ಕೆಲಸವನ್ನು ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ನಾನೂ ಬಹಳ ಕಾಲ ಎತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಗ್ರಂಥಾಲಯದ ಕೀಲಿಕೈಯನ್ನೂ ಒಂದು ಅಕ್ಸೆಷನ್ ರಿಜಿಸ್ಟರನ್ನೂ ನನ್ನ ಕೈಗಿತ್ತರು. ಉರ್ದು, ಕನ್ನಡ ಎರಡೂ ಬಲ್ಲವರೆಂಬುದೇ ನನ್ನ ಅರ್ಹತೆ. ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಉರ್ದುವಿನಲ್ಲಿರುವ ವಿಜ್ಞಾನದ ಪುಸ್ತಕ ಬೇಕೆಂದು ಬಂದಳು. ರಿಜಿಸ್ಟರಿನಲ್ಲಿ ಅದರ ಹೆಸರಿತ್ತು, ಬೀರುವಿನಲ್ಲಿ ಪುಸ್ತಕ ಸಿಗಲಿಲ್ಲ. ಎಷ್ಟೋ ದಿನಗಳ ಮೇಲೆ ಅದು ಧಾರ್ಮಿಕ ಗ್ರಂಥಗಳ ರಾಶಿಯಲ್ಲಿ ಸಿಕ್ಕಿತು. ಮೊದಲು ಜೋಡಿಸಿದವರಿಗೆ ಉರ್ದು ಲಿಪಿ ಬರುತ್ತಿರಲಿಲ್ಲ. ಆ ಲಿಪಿಯಲ್ಲಿರುವುದೆಲ್ಲ ದೀನಿನ ಪುಸ್ತಕವೆಂದು ತಿಳಿದು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದರು. ಪುಸ್ತಕ ಸಿಗುವ ಹೊತ್ತಿಗೆ ಹುಡುಗಿಯ ಪರೀಕ್ಷೆ ಮುಗಿದಿತ್ತು. ಮುಂದೆ ಹತ್ತು ದಿನಗಳ ತರಬೇತಿ ಶಿಬಿರವೊಂದಕ್ಕೆ ಹೋಗುವ ಅವಕಾಶ ಸಿಕ್ಕಿತು. ವರ್ಗೀಕರಣವೆಂದರೇನೆಂದು ಅಲ್ಲಿ ಮೊದಲ ಬಾರಿಗೆ ತಿಳಿಯಿತು. ಮರುವರ್ಷ ನನ್ನ ಸಹೋದ್ಯೋಗಿಯನ್ನು ಕಳುಹಿಸೋಣವೆಂದು ವಿಚಾರಿಸಿದರೆ, ಅನುದಾನ ಬಂದಿಲ್ಲ, ಶಿಬಿರವಿಲ್ಲ ಎಂಬ ಉತ್ತರ ಬಂತು.

ಹಣ ನಿಂತರೆ ತರಬೇತಿಯೂ ನಿಲ್ಲಬೇಕೇ? ಈ ಪ್ರಶ್ನೆ ಹಿಂದಿನವರಿಗೂ ಎದುರಾಗಿತ್ತು. ಅವರು ಏನು ಮಾಡಿದರೆಂಬುದನ್ನು ಇತಿಹಾಸದಿಂದ ತಿಳಿದುಕೊಳ್ಳುವುದು ಈ ಲೇಖನದ ಉದ್ದೇಶ.

ಕೈರೋದ ಲೆಕ್ಕಪತ್ರ

ಗ್ರಂಥಾಲಯಕ್ಕೆ ಶಾಶ್ವತ ಆದಾಯ ಬೇಕೆಂಬ ತಿಳಿವಳಿಕೆ ಮುಸ್ಲಿಮರಿಗೆ ಹೊಸದಲ್ಲ. ಕೈರೋದಲ್ಲಿ ಫಾತಿಮಿ ಖಲೀಫ ಅಲ್-ಹಾಕಿಮ್ 1005ರಲ್ಲಿ ದಾರುಲ್ ಇಲ್ಮ್ ಎಂಬ ಜ್ಞಾನಗೃಹವನ್ನು ಸ್ಥಾಪಿಸಿ, ಅದಕ್ಕೆ ಆಸ್ತಿಗಳನ್ನು ವಕ್ಫ್ ಮಾಡಿದನು. ಅದರ ವಾರ್ಷಿಕ ಖರ್ಚಿನ ವಿವರವನ್ನು ಇತಿಹಾಸಕಾರ ಅಲ್-ಮಕ್ರೀಝಿ ದಾಖಲಿಸಿದ್ದಾನೆ. ಒಟ್ಟು 257 ದೀನಾರ್. ಅದರಲ್ಲಿ ಪ್ರತಿಕಾರರ ಕಾಗದಕ್ಕೆ 90, ಗ್ರಂಥಪಾಲಕನ ಸಂಬಳಕ್ಕೆ 48, ಹರಿದ ಪುಸ್ತಕಗಳ ದುರಸ್ತಿಗೆ 12, ಓದಲು ಬರುವವರ ಕಾಗದ, ಶಾಯಿ, ಲೇಖನಿಗೆ 12, ಕುಡಿಯುವ ನೀರಿಗೂ 12 ದೀನಾರ್. ಕಾಗದದ ನಂತರದ ದೊಡ್ಡ ಖರ್ಚು ಗ್ರಂಥಪಾಲಕನದೇ ಎಂಬುದನ್ನು ಗಮನಿಸಬೇಕು. ಪುಸ್ತಕವಿದ್ದರೆ ಸಾಲದು, ಅದನ್ನು ಬಲ್ಲವನೊಬ್ಬ ಬೇಕೆಂಬುದು ಆ ಕಾಲಕ್ಕೇ ಲೆಕ್ಕಪತ್ರದೊಳಗೆ ಬಂದಿತ್ತು.

ಅದೇ ನಗರ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅರಮನೆಯ ಮಹಾಗ್ರಂಥಾಲಯ ಖಜಾನೆಯನ್ನೇ ನಂಬಿಕೊಂಡಿತ್ತು. 1068ರ ಬಿಕ್ಕಟ್ಟಿನಲ್ಲಿ ಖಜಾನೆ ಬರಿದಾದಾಗ, ಬಾಕಿ ಸಂಬಳದ ಬದಲಿಗೆಂದು ಅಲ್ಲಿನ ಗ್ರಂಥಗಳು ಒಂಟೆಗಳ ಮೇಲೆ ಹೊರಟುಹೋದವು.

ಬರೋಡಾದ ಮಹಾರಾಜ ಮತ್ತು ಅಮೆರಿಕದ ಗುರು

ನಮ್ಮ ದೇಶದಲ್ಲಿ ಆಧುನಿಕ ರೀತಿಯ ಗ್ರಂಥಾಲಯ ತರಬೇತಿ ಆರಂಭವಾದದ್ದು ಬರೋಡಾ ಸಂಸ್ಥಾನದಲ್ಲಿ. ಮಹಾರಾಜ ಮೂರನೆಯ ಸಯ್ಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಓದಲು ಕಲಿತವರು ಓದುವುದಕ್ಕೆ ಏನೂ ಸಿಗದೆ ಕಲಿತದ್ದನ್ನು ಮರೆಯಬಾರದೆಂದು ಗ್ರಂಥಾಲಯಗಳ ಜಾಲವನ್ನು ಕಟ್ಟಲು ಹೊರಟರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ ಗ್ರಂಥಪಾಲಕರಾಗಿದ್ದ ವಿಲಿಯಂ ಆಲನ್ಸನ್ ಬೋರ್ಡನ್ ಅವರನ್ನು 1910ರಲ್ಲಿ ಕರೆಸಿಕೊಂಡರು. ಬೋರ್ಡನ್ 1911ರಲ್ಲಿ ತರಬೇತಿ ತರಗತಿಯನ್ನು ತೆರೆದರು. ಅವರಿದ್ದದ್ದು ಮೂರೇ ವರ್ಷ. 1913ರಲ್ಲಿ ಸ್ವದೇಶಕ್ಕೆ ಮರಳಿದರು.

ಗುರು ಹೋದ ಮೇಲೂ ಇಲಾಖೆ ಕುಸಿಯಲಿಲ್ಲ. ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದಾಗಿ, ಕುಡಾಲ್ಕರ್, ನ್ಯೂಟನ್ ಮೋಹನ್ ದತ್ತರಂಥ ಇಲ್ಲಿಯವರೇ ಆ ಕೆಲಸವನ್ನು ಮುಂದುವರಿಸಲು ಸಿದ್ಧರಾಗಿದ್ದರು. ಎರಡನೆಯದಾಗಿ, ಹಳ್ಳಿಯ ಗ್ರಂಥಾಲಯದ ಖರ್ಚಿನಲ್ಲಿ ಜನರ ಪಾಲೂ ಇತ್ತು. ಊರವರು ಒಂದು ಮೊತ್ತವನ್ನು ಕೂಡಿಸಿದರೆ ಸ್ಥಳೀಯ ಮಂಡಳಿ ಅಷ್ಟೇ ಹಣ ಕೊಡುತ್ತಿತ್ತು, ಸರಕಾರವೂ ಅಷ್ಟೇ ಕೊಡುತ್ತಿತ್ತು. ತನ್ನ ಜೇಬಿನ ಹಣ ಇರುವಲ್ಲಿ ಊರು ಕಣ್ಣಿಟ್ಟು ನೋಡುತ್ತದೆ. ಅಲ್ಲಿಯ ಗ್ರಂಥಾಲಯ ಚಳವಳಿಯ ಕಾರ್ಯಕರ್ತ ಮೋತಿಭಾಯಿ ಅಮೀನರು ಗ್ರಂಥಾಲಯಗಳಿಗೆ ನೆರವಾಗುವ ಸಹಕಾರ ಸಂಘವೊಂದನ್ನು 1924ರಲ್ಲಿ ಕಟ್ಟಿದ್ದು ಇದೇ ನೆಲದಲ್ಲಿ.

ಆಂಧ್ರ ಪ್ರದೇಶದ ಜನರಂತೂ ಅರಸನ ಆಸರೆಯಿಲ್ಲದೆಯೇ ಈ ಕೆಲಸಕ್ಕೆ ಕೈಹಾಕಿದರು. ಬೆಜವಾಡದಲ್ಲಿ 1914ರಲ್ಲಿ ಹುಟ್ಟಿದ ಆಂಧ್ರದೇಶ ಗ್ರಂಥಾಲಯ ಸಂಘವು 1920ರಲ್ಲಿ ಗ್ರಂಥಾಲಯ ಕಾರ್ಯಕರ್ತರಿಗಾಗಿ ತರಬೇತಿ ನಡೆಸಿತು.

ಲಾಹೋರಿನ ಒಬ್ಬ ವಿದ್ಯಾರ್ಥಿ

ಎರಡನೆಯ ಹೆಜ್ಜೆ ಲಾಹೋರಿನದು. ಪಂಜಾಬ್ ವಿಶ್ವವಿದ್ಯಾನಿಲಯವು 1915ರಲ್ಲಿ ಅಮೆರಿಕದಿಂದ ಏಸಾ ಡಾನ್ ಡಿಕಿನ್‌ಸನ್ ಅವರನ್ನು ಕರೆಸಿತು. ಅವರು ದಶಮಾಂಶ ವರ್ಗೀಕರಣದ ಜನಕ ಮೆಲ್ವಿಲ್ ಡ್ಯೂಯಿಯ ಶಿಷ್ಯರು. ವಿಶ್ವವಿದ್ಯಾನಿಲಯವೊಂದು ಗ್ರಂಥಾಲಯ ತರಬೇತಿ ನಡೆಸಿದ್ದು ಭಾರತದಲ್ಲಿ ಅದೇ ಮೊದಲು. ಡಿಕಿನ್‌ಸನ್ ಒಂದು ಪಠ್ಯವನ್ನೂ ಬರೆದರು. 1916ರಲ್ಲಿ ಪ್ರಕಟವಾದ ಅದರ ಹೆಸರು 'ಪಂಜಾಬ್ ಲೈಬ್ರರಿ ಪ್ರೈಮರ್'. ಅದೇ ವರ್ಷ ಅವರು ಹಿಂದಿರುಗಿದರು.

ಆ ಮೊದಲ ತಂಡದಲ್ಲಿ ಕಲಿತವರಲ್ಲಿ ಖಲೀಫಾ ಮುಹಮ್ಮದ್ ಅಸದುಲ್ಲಾ ಒಬ್ಬರು. ನಮ್ಮ ವಿದ್ಯಾರ್ಥಿಗಳಲ್ಲಿ ಈ ಹೆಸರನ್ನು ಕೇಳಿದವರು ಕಡಿಮೆ. ಲಾಹೋರಿನ ಗವರ್ನಮೆಂಟ್ ಕಾಲೇಜಿನ ಗ್ರಂಥಪಾಲಕರಾಗಿದ್ದ ಅವರು ಮುಂದೆ 1930ರಲ್ಲಿ ಕಲ್ಕತ್ತಾದ ಇಂಪೀರಿಯಲ್ ಲೈಬ್ರರಿಯ, ಅಂದರೆ ಇಂದಿನ ರಾಷ್ಟ್ರೀಯ ಗ್ರಂಥಾಲಯದ, ಮುಖ್ಯಸ್ಥರಾದರು. 1933ರಲ್ಲಿ ಭಾರತೀಯ ಗ್ರಂಥಾಲಯ ಸಂಘ ಸ್ಥಾಪನೆಯಾದಾಗ ಅದರ ಕಾರ್ಯದರ್ಶಿಯಾಗಿ, 1947ರವರೆಗೂ ಆ ಹೊಣೆಯನ್ನು ಹೊತ್ತರು. 1935ರಲ್ಲಿ ತಮ್ಮ ಗ್ರಂಥಾಲಯದಲ್ಲಿಯೇ ತರಬೇತಿ ತರಗತಿಯನ್ನು ಆರಂಭಿಸಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯ 1945ರ ಸುಮಾರಿಗೆ ತನ್ನದೇ ಶಿಕ್ಷಣಕ್ರಮವನ್ನು ತೆರೆಯುವವರೆಗೆ ಪೂರ್ವ ಭಾರತದ ಗ್ರಂಥಪಾಲಕರಿಗೆ ಅದು ದೊಡ್ಡ ಆಸರೆಯಾಯಿತು.

ಡಿಕಿನ್‌ಸನ್ ಲಾಹೋರಿನಲ್ಲಿದ್ದದ್ದು ಸುಮಾರು ಒಂದು ವರ್ಷ. ಆದರೆ ಅವರ ಬಳಿ ಕಲಿತ ಒಬ್ಬ ವಿದ್ಯಾರ್ಥಿ ಇಪ್ಪತ್ತು ವರ್ಷಗಳ ಬಳಿಕ ಇನ್ನೊಂದು ನಗರದಲ್ಲಿ ತಾನೇ ಗುರುವಾದರು. ತರಬೇತಿಗೆ ಹಾಕಿದ ಹಣ ಹೀಗೆ ಬೆಳೆಯುತ್ತದೆ. ಕಲಿತವನು ಕಲಿಸದಿದ್ದರೆ ಅದು ಅವನೊಂದಿಗೇ ನಿವೃತ್ತಿಯಾಗುತ್ತದೆ.

ಮದರಾಸಿನ ಗಣಿತದ ಮೇಷ್ಟ್ರು

ಮೂರನೆಯ ಅಧ್ಯಾಯ ಡಾ. ಎಸ್.ಆರ್. ರಂಗನಾಥನ್ ಅವರದು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ತರಬೇತಿಗಾಗಿ ಅವರನ್ನು ಲಂಡನ್ನಿಗೆ ಕಳುಹಿಸಲಾಯಿತು. ಹಿಂದಿರುಗಿದ ಮೇಲೆ ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. 1929ರಲ್ಲಿ ಆ ಸಂಘವೇ ಬೇಸಿಗೆ ಶಾಲೆಯನ್ನು ನಡೆಸಿತು. ಬೇಸಿಗೆಯಾದ್ದರಿಂದ ಶಿಕ್ಷಕರಿಗೂ ಬರಲು ಅನುಕೂಲವಾಯಿತು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1937ರಲ್ಲಿ ಅದು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆಯಿತು.

ಈ ಕ್ರಮವನ್ನು ನಮ್ಮ ಸಂಘದ ಸದಸ್ಯರು ವಿಶೇಷವಾಗಿ ಗಮನಿಸಬೇಕು. ಮೊದಲು ಒಂದು ಸಂಘ ತನ್ನ ಶಕ್ತಿಯಲ್ಲಿ ಚಿಕ್ಕದಾಗಿ ಆರಂಭಿಸಿತು. ಅದರ ಅಗತ್ಯ ಎಲ್ಲರಿಗೂ ಮನವರಿಕೆಯಾದ ಮೇಲೆ ದೊಡ್ಡ ಸಂಸ್ಥೆ ಅದನ್ನು ತನ್ನ ನಿತ್ಯದ ಕೆಲಸವಾಗಿ ಸ್ವೀಕರಿಸಿತು.

ರಂಗನಾಥನ್ ಮತ್ತೂ ಮುಂದೆ ಹೋದರು. 1950ರ ದಶಕದಲ್ಲಿ ತಮ್ಮ ಉಳಿತಾಯದಿಂದ 1 ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿದರು. 1957ರಿಂದ ಬೆಂಗಳೂರಿನಲ್ಲಿ ನೆಲೆಸಿದ ಅವರು 1961ರಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಆರಂಭಿಸಿ, ತಮ್ಮ ಗ್ರಂಥಗಳ ಗೌರವಧನವನ್ನೂ ಅದಕ್ಕೆ ಬಿಟ್ಟುಕೊಟ್ಟರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಅವರು ತೆರೆದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲಿ ಕಲಿತವರು ದೇಶ ವಿದೇಶಗಳಲ್ಲಿದ್ದಾರೆ. ಸಂಬಳದಲ್ಲಿ ಬದುಕಿದ ಒಬ್ಬ ಮೇಷ್ಟ್ರು ಇಷ್ಟು ಕೊಟ್ಟರೆಂಬುದನ್ನು ಓದಿದಾಗ ವಕ್ಫ್ ಎಂಬ ಪದವೇ ನನ್ನ ಮನಸ್ಸಿಗೆ ಬಂತು.

ಮುಚ್ಚಿದ ಒಂದು ಬಾಗಿಲು

ಎಲ್ಲ ಕಡೆಯೂ ಹೀಗೆ ನಡೆಯಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಗ್ರಂಥಾಲಯ ಶಾಲೆಗಳಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರಿಗಾಗಿ ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯಲ್ಲಿ 1925ರಲ್ಲಿ ಗ್ರಂಥಾಲಯ ಶಾಲೆಯೊಂದು ಕಾರ್ನೆಗಿ ಕಾರ್ಪೊರೇಷನ್ ಎಂಬ ದತ್ತಿಸಂಸ್ಥೆಯ ಅನುದಾನದಿಂದ ಆರಂಭವಾಯಿತು. ಫ್ಲಾರೆನ್ಸ್ ರೈಸಿಂಗ್ ಕರ್ಟಿಸ್ ಅದರ ನಿರ್ದೇಶಕಿ. ಅಲ್ಲಿ ಕಲಿತವರು ಕಪ್ಪು ಜನರ ಶಾಲೆ, ಕಾಲೇಜು, ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಸಕ್ಕೆ ಸೇರಿದರು. ಆದರೆ ಆ ಅನುದಾನದ ಜಾಗವನ್ನು ತುಂಬುವ ಬೇರೆ ಆದಾಯ ಹುಟ್ಟಲಿಲ್ಲ. ಹಣದ ಆಸರೆ ತಪ್ಪಿದಾಗ, 1939ರಲ್ಲಿ, ಶಾಲೆ ಮುಚ್ಚಿತು. 1941ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾನಿಲಯದಲ್ಲಿ ಹೊಸ ಶಾಲೆ ತೆರೆಯುವವರೆಗೆ ಆ ಯುವಕ ಯುವತಿಯರಿಗೆ ಅಂಥ ಬಾಗಿಲು ಇರಲಿಲ್ಲ. ಅಟ್ಲಾಂಟಾದ ಶಾಲೆಯೂ 2005ರಲ್ಲಿ ನಿಂತುಹೋಯಿತು.

ಶಾಲೆ ಒಳ್ಳೆಯದಾಗಿತ್ತು, ಗುರುಗಳು ಒಳ್ಳೆಯವರಾಗಿದ್ದರು, ವಿದ್ಯಾರ್ಥಿಗಳ ಅಗತ್ಯವಂತೂ ನಿಜವಾಗಿತ್ತು. ಆದರೂ ಮುಚ್ಚಿತು. ಅನುದಾನ ಒಂದು ಅವಧಿಗೆ ಬರುವ ನೆರವು. ಆ ಅವಧಿಯೊಳಗೆ ಬೇರೊಂದು ಬೇರನ್ನು ಇಳಿಸದಿದ್ದರೆ ಮರ ನಿಲ್ಲುವುದಿಲ್ಲ. ಸೌಲಭ್ಯವಂತರ ಸಂಸ್ಥೆ ಮುಚ್ಚಿದರೆ ಅವರಿಗೆ ಇನ್ನೊಂದು ಸಂಸ್ಥೆ ಇರುತ್ತದೆ. ಹಿಂದುಳಿದವರದು ಮುಚ್ಚಿದರೆ ಪಕ್ಕದಲ್ಲಿ ಬೇರೊಂದು ಇರುವುದಿಲ್ಲ. ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳನ್ನು ನಡೆಸುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು.

ಅಲೀಗಢ ಮತ್ತು ನಮ್ಮ ರಾಜ್ಯ

ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ 1951ರಲ್ಲಿ ಗ್ರಂಥಾಲಯದ ಆಸರೆಯಲ್ಲಿ ಸರ್ಟಿಫಿಕೇಟ್ ತರಗತಿ ಆರಂಭವಾಯಿತು. 1958ರಲ್ಲಿ ಗ್ರಂಥಪಾಲಕ ಪ್ರೊ. ಎಸ್. ಬಶೀರುದ್ದೀನ್ ಅವರ ಹಿರಿತನದಲ್ಲಿ ಅದು ಪದವಿ ಶಿಕ್ಷಣವಾಯಿತು. 1960ರಲ್ಲಿ ಪ್ರಧಾನಿ ನೆಹರೂ ಅವರು ಮೌಲಾನಾ ಆಝಾದ್ ಗ್ರಂಥಾಲಯದ ಭವ್ಯ ಕಟ್ಟಡವನ್ನು ಉದ್ಘಾಟಿಸುವ ಹೊತ್ತಿಗೆ, ಕಟ್ಟಡದೊಳಗೆ ಕೆಲಸ ಮಾಡುವವರನ್ನು ತಯಾರಿಸುವ ತರಗತಿ ಒಂಬತ್ತು ವರ್ಷ ಹಳೆಯದಾಗಿತ್ತು. ಉರ್ದು, ಫಾರಸಿ, ಅರಬ್ಬಿ ಗ್ರಂಥಗಳ ಸಂಪತ್ತಿರುವ ಆ ಸ್ಥಳದಲ್ಲಿ ಇದು ಎಷ್ಟು ಅಗತ್ಯವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು. 1966ರ ನವೆಂಬರ್ 1ರಿಂದ ಜಾರಿಯಾಯಿತು. 1965ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ಆರಂಭವಾಯಿತು. ಆಸ್ತಿ ತೆರಿಗೆಯಂಥ ತೆರಿಗೆಗಳ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ವರ್ಷ ವರ್ಷವೂ ಯಾರನ್ನೂ ಬೇಡದೆ ಗ್ರಂಥಾಲಯಕ್ಕೆ ಹಣ ಬರಲಿ ಎಂಬುದು ಇದರ ಹಿಂದಿನ ಆಲೋಚನೆ. ಆದರೆ ಸಂಗ್ರಹಿಸಿದ ಕರವನ್ನು ಕೆಲವು ಸ್ಥಳೀಯ ಸಂಸ್ಥೆಗಳು ಸಕಾಲಕ್ಕೆ ಇಲಾಖೆಗೆ ತಲುಪಿಸದೆ ಬಾಕಿ ಉಳಿಸಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಅಲ್ಲಿನ ಮೇಲ್ವಿಚಾರಕರ ಹೊಣೆ ಇಂದು ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕಷ್ಟೇ ಸೀಮಿತವಲ್ಲ. ಕಂಪ್ಯೂಟರ್ ನಡೆಸಬೇಕು, ಮಕ್ಕಳಿಗೆ ಕಥೆ ಓದಿಸಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ದಾರಿ ತೋರಿಸಬೇಕು. ಕೆಲಸ ಬೆಳೆದಂತೆ ಕಲಿಕೆಯೂ ಬೆಳೆಯಬೇಕಲ್ಲವೇ?

ಕಾಲೇಜುಗಳ ಸ್ಥಿತಿಯೂ ಬದಲಾಗಿದೆ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಯೋಜನಾ ಅನುದಾನವೆಂಬ ಬಾಬತ್ತು ಇತ್ತು. ಹನ್ನೆರಡನೆಯ ಯೋಜನೆ 2017ರ ಮಾರ್ಚ್‌ನಲ್ಲಿ ಮುಗಿದು ಆ ಪದ್ಧತಿಯೇ ಕೊನೆಗೊಂಡಿತು. ಹಣ ಕಡಿಮೆಯಾದಾಗ ಆಡಳಿತ ಮಂಡಳಿಗಳು ಮೊದಲು ಕತ್ತರಿ ಹಾಕುವುದು ತರಬೇತಿಗೆ. ಪುಸ್ತಕ ಕೊಳ್ಳದಿದ್ದರೆ ಬೀರು ಖಾಲಿ ಕಾಣುತ್ತದೆ, ತರಬೇತಿ ಇಲ್ಲದಿದ್ದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಪುಸ್ತಕ ಸಿಗದೆ ಹಿಂತಿರುಗಿದ ಹುಡುಗಿಯ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ನಾವು ಮಾಡಬಹುದಾದದ್ದು

ಇತಿಹಾಸದ ಈ ಪಾಠಗಳಿಂದ ನಮ್ಮ ಸಂಘದ ಮುಂದೆ ಕೆಲವು ಸಲಹೆಗಳನ್ನು ಇಡುತ್ತಿದ್ದೇನೆ.

ಮೊದಲನೆಯದು, ಗ್ರಂಥಾಲಯಕ್ಕೆ ದಾನ ಬಂದಾಗ ಪ್ರತಿ 100 ರೂಪಾಯಿಯಲ್ಲಿ 5 ರೂಪಾಯಿಯನ್ನು ಗ್ರಂಥಾಲಯ ಸಿಬ್ಬಂದಿಯ ಕಲಿಕೆಗೆ ಎತ್ತಿಡಬೇಕು. ದಾನಿಗಳಿಗೆ ಇದನ್ನು ಮೊದಲೇ ತಿಳಿಸಿದರೆ ಯಾರೂ ಬೇಡವೆನ್ನಲಾರರು.

ಎರಡನೆಯದು, ಕಲಿತವರು ಕಲಿಸಬೇಕು. ಸಂಘದ ಖರ್ಚಿನಲ್ಲಿ ತರಬೇತಿ ಪಡೆದವರು ಮರಳಿದ ವರ್ಷದೊಳಗೆ ನೆರೆಯ ಶಾಲೆಗಳ ಇಬ್ಬರಿಗಾದರೂ ಆ ಕೆಲಸವನ್ನು ತೋರಿಸಿಕೊಡಬೇಕೆಂಬ ನಿಯಮವಿರಲಿ. ಮದರಾಸಿನವರಂತೆ ಬೇಸಿಗೆ ರಜೆಯಲ್ಲಿ ಒಂದು ವಾರ, ಯಾವುದಾದರೊಂದು ಶಾಲೆಯ ಕೋಣೆಯಲ್ಲಿ ಇದನ್ನು ನಡೆಸಬಹುದು. ಹತ್ತಿರದ ಜಿಲ್ಲಾ ಕೇಂದ್ರ ಗ್ರಂಥಾಲಯದ ಅನುಭವಿಗಳನ್ನು, ನಿವೃತ್ತ ಗ್ರಂಥಪಾಲಕರನ್ನು ಗೌರವದಿಂದ ಕರೆಯೋಣ.

ಮೂರನೆಯದು, ಒಂದು ಸ್ಥಿರ ನಿಧಿ. ಬಡ್ಡಿಯ ಆದಾಯವನ್ನು ನಮ್ಮಲ್ಲಿ ಅನೇಕರು ಬಯಸುವುದಿಲ್ಲ. ಅಲ್ಲದೆ ರಂಗನಾಥನ್ ಕೊಟ್ಟಾಗ 1 ಲಕ್ಷ ರೂಪಾಯಿಗೆ ಇದ್ದ ಬೆಲೆ ಇಂದು ಇಲ್ಲ. ಬ್ಯಾಂಕಿನಲ್ಲಿಟ್ಟ ಹಣ ಕಾಲದೊಂದಿಗೆ ಕರಗುತ್ತದೆ. ಆದ್ದರಿಂದ ಒಂದು ಅಂಗಡಿ ಕೋಣೆಯ ಬಾಡಿಗೆಯನ್ನು ಈ ಕೆಲಸಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಬೆಲೆ ಏರಿದಂತೆ ಬಾಡಿಗೆಯೂ ಏರುತ್ತದೆ. ಹಿಂದಿನವರು ಅಂಗಡಿ, ಜಮೀನುಗಳನ್ನು ವಕ್ಫ್ ಮಾಡುತ್ತಿದ್ದುದರ ಹಿಂದೆ ಈ ವಿವೇಕವೂ ಇತ್ತು. ಝಕಾತ್ ಹಣಕ್ಕೆ ಅದರದೇ ನಿಯಮಗಳಿವೆ, ಅದನ್ನು ಇದರೊಂದಿಗೆ ಬೆರೆಸಬಾರದು. ಸದಕಾ ಜಾರಿಯಾ ಎಂಬ ಭಾವನೆಯಿಂದ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ನಾಲ್ಕನೆಯದು, ಉಚಿತವಾಗಿ ಸಿಗುವುದನ್ನು ಬಳಸಲು ಕಲಿಯಬೇಕು. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಒಂದು ಗ್ರಂಥಾಲಯದಲ್ಲಿ ಬಳಕೆಗೆ ಬಂದ 'ಕೋಹಾ' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಕನ್ನಡ, ಉರ್ದು ಎರಡೂ ಲಿಪಿಗಳಲ್ಲಿ ಅದರಲ್ಲಿ ಸೂಚಿ ತಯಾರಿಸಬಹುದು. ಅಲ್ಲಿನ ಮಾವೊರಿ ಜನರ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ತಂತ್ರಾಂಶ ಉಡುಗೊರೆಯಾಗಿ ಬಂದರೂ ಅದನ್ನು ನಡೆಸುವ ಕೈ ಉಡುಗೊರೆಯಾಗಿ ಬರುವುದಿಲ್ಲ. ಅದನ್ನು ನಾವೇ ತಯಾರಿಸಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಯಾವುದೇ ಪದವಿಯ ನಂತರ ಒಂದು ವರ್ಷದ ಗ್ರಂಥಾಲಯ ವಿಜ್ಞಾನ ಪದವಿಯನ್ನು ಪಡೆಯಬಹುದು. ಮುಕ್ತ ವಿಶ್ವವಿದ್ಯಾನಿಲಯಗಳ ಮೂಲಕ ಮನೆಯಿಂದಲೇ ಓದುವ ಅವಕಾಶವೂ ಇದೆ. ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿಗಳನ್ನು ನೋಡುವ ನಮ್ಮ ಮನೆಗಳಲ್ಲಿ ಈ ದಾರಿಯ ಬಗ್ಗೆಯೂ ಮಾತಾಗಲಿ. ಉರ್ದು ಮತ್ತು ಕನ್ನಡ ಎರಡನ್ನೂ ಓದಬಲ್ಲ ಹೆಣ್ಣುಮಕ್ಕಳು ಈ ವೃತ್ತಿಗೆ ಬಂದರೆ, ಧರ್ಮಗ್ರಂಥಗಳ ರಾಶಿಯೊಳಗೆ ವಿಜ್ಞಾನದ ಪುಸ್ತಕ ಕಳೆದುಹೋಗುವುದು ತಪ್ಪುತ್ತದೆ.

ನಮ್ಮ ಧರ್ಮದಲ್ಲಿ ದಿವ್ಯವಾಣಿಯ ಆರಂಭವೇ ಓದಿನ ಆಜ್ಞೆಯಿಂದ ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಓದುವವನ ಕೈಗೆ ಪುಸ್ತಕವನ್ನು ತಲುಪಿಸುವವನನ್ನು ತಯಾರು ಮಾಡುವುದೂ ಆ ಆಜ್ಞೆಯ ಪಾಲನೆಯೇ. ಮುಂದಿನ ಬೇಸಿಗೆಯಲ್ಲಿ ಒಂದು ವಾರದ ಮೊದಲ ಶಿಬಿರ ನಡೆಯಲಿ, ಹತ್ತು ಜನ ಬಂದರೂ ಸಾಕು. ನನಗೆ ಬಂದಷ್ಟನ್ನು ಕಲಿಸಲು ನಾನು ಸಿದ್ಧ. ಈ ಸಣ್ಣ ಪ್ರಯತ್ನಕ್ಕೆ ಅಲ್ಲಾಹನು ಬರಕತ್ ನೀಡಲಿ. ಆಮೀನ್.